ಅಗ್ಗದ ಆರ್‌ಟಿಕೆ ರಿಸೀವರ್ ಕೊಳ್ಳುವ ಮುಂಚೆ ಚಿಪ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ

ಜಮೀನು ಅಳತೆಗೆ ಸ್ಯಾಟಲೈಟ್ ರಿಸೀವರ್ ಕೊಳ್ಳಲು ಹೊರಟವರ ತೊಂದರೆ ಈಗ ಪೂರ್ತಿ ಉಲ್ಟಾ ಆಗಿದೆ. ಹಿಂದೆ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುವ ಯಂತ್ರ, ಅಂದ್ರೆ ಆರ್‌ಟಿಕೆ ರಿಸೀವರ್, ಬೇಕಂದ್ರೆ ಕೆಲವೇ ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗಬೇಕಿತ್ತು, ಅವರು ಹೇಳಿದ್ದೇ ರೇಟು. ಈಗ ಅದೇ ಕೆಲಸ ಮಾಡ್ತೀವಿ ಅನ್ನುವ ಡಬ್ಬಿಗಳು ರಾಶಿ ರಾಶಿ ಬಂದಿವೆ. ಎಲ್ಲದರ ಮೇಲೂ ಒಂದೇ ಮಾತು: ಸೆಂಟಿಮೀಟರ್ ನಿಖರತೆ. ಯಾವುದನ್ನು ನಂಬೋದು, ಯಾವುದನ್ನು ಬಿಡೋದು ಅನ್ನುವುದೇ ಈಗಿನ ತಲೆನೋವು.

ಈ ಬದಲಾವಣೆಗೆ ಒಂದು ದೊಡ್ಡ ಕಾರಣ ಚಿಪ್. 2018ರಲ್ಲಿ ಯು-ಬ್ಲಾಕ್ಸ್ ಕಂಪನಿ ಜೆಡ್‌ಇಡಿ-ಎಫ್9ಪಿ ಅನ್ನುವ ಮಾಡ್ಯೂಲ್ ಪ್ರಕಟಿಸಿತು. ಎರಡು ಫ್ರೀಕ್ವೆನ್ಸಿ, ನಾಲ್ಕು ಸ್ಯಾಟಲೈಟ್ ವ್ಯವಸ್ಥೆ, ಒಳಗೇ ಆರ್‌ಟಿಕೆ ಲೆಕ್ಕಾಚಾರ, ಎಲ್ಲ ಒಂದು ಸಣ್ಣ ತುಂಡಿನಲ್ಲಿ. ಆಮೇಲೆ ಯುನಿಕೋರ್‌ನ ಯುಎಂ980, ಸೆಪ್ಟೆಂಟ್ರಿಯೊದ ಮೊಸಾಯಿಕ್-ಎಕ್ಸ್5, ಕ್ವೆಕ್ಟೆಲ್‌ನ ಎಲ್‌ಜಿ290ಪಿ ಹೀಗೆ ಸಾಲು ಸಾಲಾಗಿ ಬಂದವು. ಹಾಗಾಗಿ ಕಡಿಮೆ ರೇಟಿನ ಡಬ್ಬಿಯನ್ನೂ ಅದಕ್ಕಿಂತ ಎಷ್ಟೋ ಜಾಸ್ತಿ ರೇಟಿನ ಡಬ್ಬಿಯನ್ನೂ ಬಿಚ್ಚಿ ನೋಡಿದರೆ ಒಳಗೆ ಒಂದೇ ಚಿಪ್ ಕೂತಿರುವುದು ಈಗ ಅಪರೂಪವಲ್ಲ. ಜನ ಮಾತ್ರ ಇನ್ನೂ ಚಿಪ್ಪಿನ ಹೆಸರು ಹಿಡಿದೇ ಜಗಳ ಆಡುತ್ತಾರೆ. ನನ್ನ ಪ್ರಕಾರ ಚಿಪ್ ವಿಷಯ ಹೆಚ್ಚುಕಡಿಮೆ ಬಗೆಹರಿದಿದೆ. ಕೊಳ್ಳುವವರು ತಲೆ ಕೆಡಿಸಿಕೊಳ್ಳಬೇಕಾದ್ದು ಕರೆಕ್ಷನ್ (ಅಳತೆಯ ತಪ್ಪು ತಿದ್ದಲು ಹೊರಗಿನಿಂದ ಬರುವ ಡೇಟಾ) ಎಲ್ಲಿಂದ ಬರುತ್ತದೆ, ಆಂಟೆನಾ ಎಂಥದ್ದು, ಸಾಫ್ಟ್‌ವೇರ್ ಯಾರ ಹಿಡಿತದಲ್ಲಿದೆ, ಬಂದ ಉತ್ತರ ಸರಿ ಇದೆಯಾ ಅಂತ ನೋಡುವ ದಾರಿ ಏನು ಅನ್ನುವ ವಿಷಯಗಳ ಬಗ್ಗೆ.

ಮೊದಲು ಈ ಸೆಂಟಿಮೀಟರ್ ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಮುಂದಿನ ಎಲ್ಲ ಮಾತೂ ಇದರ ಮೇಲೇ ನಿಂತಿದೆ. ಮೊಬೈಲಿನ ಜಿಪಿಎಸ್ ಸ್ಯಾಟಲೈಟ್ ಕಳಿಸುವ ಕೋಡನ್ನು ಹಿಡಿದು ದೂರ ಲೆಕ್ಕ ಹಾಕುತ್ತದೆ. ಆ ಕೋಡಿನ ಒಂದೊಂದು ತುಣುಕೂ ಸುಮಾರು 300 ಮೀಟರ್ ಉದ್ದ, ಹಾಗಾಗಿ ಎಷ್ಟೇ ಚೆನ್ನಾಗಿ ಅಳೆದರೂ ಉತ್ತರ ಮೀಟರುಗಳ ಲೆಕ್ಕದಲ್ಲೇ ಉಳಿಯುತ್ತದೆ. ಸರ್ವೆ ರಿಸೀವರ್ ಆ ಕೋಡನ್ನು ಹೊತ್ತು ತರುವ ರೇಡಿಯೋ ಅಲೆಯನ್ನೇ ಅಳೆಯುತ್ತದೆ. ಎಲ್1 ಅನ್ನುವ ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದರ ಒಂದು ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯೊಳಗೆ ನಾವು ಎಲ್ಲಿದ್ದೇವೆ ಅನ್ನುವುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳಬಹುದು. ತೊಂದರೆ ಏನಂದ್ರೆ, ಸ್ಯಾಟಲೈಟಿಗೂ ನಮಗೂ ನಡುವೆ ಇಂಥ ಪೂರ್ತಿ ಅಲೆಗಳು ಎಷ್ಟು ಇವೆ ಅಂತ ರಿಸೀವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ಜಾಗದಲ್ಲಿ ಇನ್ನೊಂದು ರಿಸೀವರ್ ಇಟ್ಟು, ಅದರ ಅಳತೆಯನ್ನೂ ತರಿಸಿಕೊಂಡು, ಎರಡನ್ನೂ ಹೋಲಿಸಿ ಆ ಪೂರ್ಣ ಸಂಖ್ಯೆಗಳನ್ನು ಕಂಡುಹಿಡಿಯುವುದೇ ಆರ್‌ಟಿಕೆ. ಗೊತ್ತಿರುವ ಜಾಗದಲ್ಲಿ ಕೂತದ್ದು ಬೇಸ್, ಕೈಯಲ್ಲಿ ಹಿಡಿದು ಓಡಾಡುವುದು ರೋವರ್. ಸಂಖ್ಯೆ ಸಿಕ್ಕಿದರೆ ಪರದೆಯ ಮೇಲೆ ‘ಫಿಕ್ಸ್’ ಅಂತ ಬರುತ್ತದೆ. ಇನ್ನೂ ಸಿಗದೆ ಅಂದಾಜಿನಲ್ಲೇ ಇದ್ದರೆ ‘ಫ್ಲೋಟ್’. ಫ್ಲೋಟ್‌ನಲ್ಲಿ ತೆಗೆದ ಪಾಯಿಂಟು ಅರ್ಧ ಮೀಟರ್ ಆಚೆ ಈಚೆ ಇರಬಹುದು, ಅದನ್ನು ಗಡಿ ಕಲ್ಲಿಗೆ ಬಳಸುವಂತಿಲ್ಲ.

ಅಂದಹಾಗೆ ಎಲ್ಲರಿಗೂ ಇದು ಬೇಕಾ? ಕೆರೆಯ ಅಂಚು, ಮರ, ಕಾಲುದಾರಿ, ಕಂಬ ಇಂಥವನ್ನು ನಕ್ಷೆಗೆ ಹಾಕುವುದಷ್ಟೇ ಕೆಲಸ ಅಂದ್ರೆ ಬೇಡ. ಯುರೋಪಿನ ಗೆಲಿಲಿಯೋ ವ್ಯವಸ್ಥೆ 2023ರ ಜನವರಿಯಿಂದ ಎಚ್‌ಎಎಸ್ ಅನ್ನುವ ಉಚಿತ ಕರೆಕ್ಷನನ್ನು ಸ್ಯಾಟಲೈಟಿನಿಂದಲೇ ಕಳಿಸುತ್ತಿದೆ. ಅದು ಗುರಿ ಇಟ್ಟುಕೊಂಡಿರುವುದು ಅಡ್ಡಡ್ಡಕ್ಕೆ 20 ಸೆಂಟಿಮೀಟರಿನೊಳಗಿನ ನಿಖರತೆ. ಅದನ್ನು ಓದಬಲ್ಲ ರಿಸೀವರ್ ಇದ್ದರೆ ಬೇಸೂ ಬೇಡ, ಇಂಟರ್ನೆಟ್ಟೂ ಬೇಡ, ಸ್ವಲ್ಪ ಹೊತ್ತು ಕಾಯುವ ತಾಳ್ಮೆ ಇದ್ದರೆ ಸಾಕು. ಇನ್ನೊಂದು ತುದಿಯಲ್ಲಿ, ಚರಂಡಿ ಇಳಿಜಾರು, ತಳಪಾಯದ ಮಟ್ಟ ಅಂತ ಮಿಲಿಮೀಟರ್ ಲೆಕ್ಕ ಬೇಕಾದ ಕಡೆ ಆರ್‌ಟಿಕೆ ಸಾಲುವುದಿಲ್ಲ. ಸ್ಯಾಟಲೈಟುಗಳೆಲ್ಲ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಎತ್ತರದ ಅಳತೆ ಯಾವಾಗಲೂ ಅಡ್ಡಳತೆಗಿಂತ ಒರಟು. ಅಲ್ಲಿಗೆ ಲೆವೆಲ್ ಯಂತ್ರವೇ ಸರಿ, ಕಟ್ಟಡದ ಮಗ್ಗುಲಿಗೂ ದಟ್ಟ ಮರದ ಕೆಳಗೂ ಬೆಳಕಿನ ಕಿರಣ ಬಿಟ್ಟು ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ನೇ ಸರಿ. ರಿಸೀವರ್ ಇವೆರಡರ ಜಾಗವನ್ನು ತುಂಬುತ್ತದೆ ಅಂತ ಮಾರುವವರು ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡಿ.

ಕರೆಕ್ಷನ್ ಎಲ್ಲಿಂದ?

ರಿಸೀವರ್ ಆರಿಸುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ನೀವು ಕೆಲಸ ಮಾಡುವ ಜಾಗದ ಹತ್ತಿರ ಸದಾ ಓಡುತ್ತಿರುವ ಬೇಸ್ ಸ್ಟೇಷನ್ನುಗಳ ಜಾಲ ಇದೆಯಾ, ಅದಕ್ಕೆ ನಿಮಗೆ ಪ್ರವೇಶ ಸಿಗುತ್ತದಾ, ಆ ಜಾಗದಲ್ಲಿ ಮೊಬೈಲ್ ಡೇಟಾ ಬರುತ್ತದಾ? ಮೂರಕ್ಕೂ ಹೌದು ಅಂದ್ರೆ ಒಂದೇ ರೋವರ್ ಕೊಂಡರೆ ಸಾಕು, ಅರ್ಧ ದುಡ್ಡು ಉಳಿಯಿತು. ಕರೆಕ್ಷನ್ ಇಂಟರ್ನೆಟ್ಟಿನಲ್ಲಿ ಎನ್‌ಟ್ರಿಪ್ ಅನ್ನುವ ವಿಧಾನದಲ್ಲಿ ಬರುತ್ತದೆ, ಇದು 2004ರಿಂದ ಎಲ್ಲರೂ ಬಳಸುವ ಮುಕ್ತ ವಿಧಾನ, ಯಾವ ಕಂಪನಿಯ ರಿಸೀವರಿಗೂ ನಡೆಯುತ್ತದೆ. ಜಾಲದ ಹತ್ತಿರದ ಸ್ಟೇಷನ್ ಎಷ್ಟು ದೂರ ಅನ್ನುವುದನ್ನು ಮಾತ್ರ ಮರೆಯದೆ ನೋಡಿ. ಸ್ಪೆಕ್ ಹಾಳೆಯಲ್ಲಿ ‘8 ಮಿ.ಮೀ. + 1 ಪಿಪಿಎಂ’ ಅಂತ ಇರುತ್ತದಲ್ಲ, ಆ 1 ಪಿಪಿಎಂ ಅಂದ್ರೆ ಬೇಸಿನಿಂದ ದೂರ ಹೋದ ಪ್ರತಿ ಕಿಲೋಮೀಟರಿಗೆ ಒಂದು ಮಿಲಿಮೀಟರ್ ಸೇರುತ್ತಾ ಹೋಗುತ್ತದೆ ಅಂತ. 40 ಕಿಲೋಮೀಟರ್ ಆಚೆಯ ಒಂಟಿ ಸ್ಟೇಷನ್ನಿಗೆ ಕಟ್ಟಿಕೊಂಡರೆ ಬರೀ ದೂರಕ್ಕೇ 4 ಸೆಂಟಿಮೀಟರ್ ಹೋಯಿತು. ಅದಕ್ಕಿಂತ ಮುಂಚೆ, ಫಿಕ್ಸ್ ಸಿಗೋದೇ ಕಷ್ಟ.

ಜಾಲ ಇಲ್ಲ ಅಂದ್ರೆ ಎರಡು ರಿಸೀವರ್ ಬೇಕು. ಇಲ್ಲಿ ಎರಡೂ ಒಂದೇ ತಳಿಯವಾದರೆ ಒಳ್ಳೆಯದು. ಆರ್‌ಟಿಸಿಎಂ 3 ಅನ್ನುವ ಸಂದೇಶದ ಭಾಷೆ ಎಲ್ಲರಿಗೂ ಒಂದೇ ಆದ್ದರಿಂದ ಬೇರೆ ಬೇರೆ ಕಂಪನಿಯ ಬೇಸ್, ರೋವರ್ ಸೇರಿಸಿದರೂ ಕೆಲಸ ನಡೆಯುತ್ತದೆ. ಆದರೆ ರಷ್ಯಾದ ಗ್ಲೋನಾಸ್ ಸ್ಯಾಟಲೈಟುಗಳು ಒಂದೊಂದೂ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಕಳಿಸುವುದರಿಂದ, ಕಂಪನಿ ಬೇರೆಯಾದಾಗ ಅವುಗಳ ಅಳತೆಯಲ್ಲಿ ಸಣ್ಣ ವ್ಯತ್ಯಾಸ ನುಸುಳುತ್ತದೆ. ಬೇಸ್ 1230 ನಂಬರಿನ ಸಂದೇಶ ಕಳಿಸುವ ಹಾಗೆ ಮಾಡಿದರೆ ರೋವರ್ ಅದನ್ನು ಸರಿಪಡಿಸಿಕೊಳ್ಳುತ್ತದೆ. ‘ಎಲ್ಲ ಸೆಟ್ ಮಾಡಿದೆ, ಸ್ಯಾಟಲೈಟ್ ತುಂಬಾ ಇವೆ, ಆದರೂ ಫ್ಲೋಟ್‌ನಲ್ಲೇ ನಿಂತಿದೆ’ ಅಂತ ಒದ್ದಾಡುವವರು ಮೊದಲು ಇದನ್ನೂ, ಬೇಸಿನ ಜಾಗ ಹೇಳುವ 1005 ಸಂದೇಶ ಹೋಗುತ್ತಿದೆಯಾ ಅನ್ನುವುದನ್ನೂ ನೋಡಿಕೊಳ್ಳಿ.

ಬೇಸಿನಿಂದ ರೋವರಿಗೆ ಡೇಟಾ ಸಾಗಿಸಲು ರೇಡಿಯೋ ಬೇಕಾದರೆ ಅದರ ಫ್ರೀಕ್ವೆನ್ಸಿಗೂ ಪವರಿಗೂ ನಿಮ್ಮ ದೇಶದಲ್ಲಿ ಅನುಮತಿ ಇದೆಯಾ ಅಂತ ಕೇಳಿಕೊಳ್ಳಿ. ಡಬ್ಬಿಯ ಜೊತೆ ರೇಡಿಯೋ ಬಂತು ಅಂದ ಮಾತ್ರಕ್ಕೆ ಅದನ್ನು ಹಚ್ಚಲು ಪರವಾನಗಿ ಬಂತು ಅಂತಲ್ಲ. ಸ್ಥಳದಲ್ಲೇ ಉತ್ತರ ಬೇಕಿಲ್ಲದಿದ್ದರೆ ರೇಡಿಯೋನೂ ಬೇಡ. ಎರಡೂ ರಿಸೀವರುಗಳಲ್ಲಿ ಕಚ್ಚಾ ಡೇಟಾ ರೆಕಾರ್ಡ್ ಮಾಡಿಕೊಂಡು ಬಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು, ಟೊಮೊಜಿ ಟಕಾಸು ಅವರ ಆರ್‌ಟಿಕೆಲಿಬ್ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೇ ಇದೆ. ಕಂಬ ನೆಟ್ಟು ಗಡಿ ಗುರುತು ಹಾಕುವವರಿಗೆ ಇದು ಆಗದು. ಇದ್ದದ್ದನ್ನು ಅಳೆದು ನಕ್ಷೆ ಬರೆಯುವವರಿಗೆ ಧಾರಾಳವಾಗಿ ಸಾಕು. ಆದ್ದರಿಂದ ಕೊಳ್ಳುವ ರಿಸೀವರ್ ಕಚ್ಚಾ ಡೇಟಾವನ್ನು ಎಲ್ಲ ಸಾಫ್ಟ್‌ವೇರೂ ಓದುವ ರೈನೆಕ್ಸ್ ಅನ್ನುವ ಫೈಲ್ ರೂಪದಲ್ಲಿ ಕೊಡಲೇಬೇಕು. ಕೊಡದ ರಿಸೀವರನ್ನು ನಾನಂತೂ ಪಟ್ಟಿಯಿಂದಲೇ ತೆಗೆದುಬಿಡುತ್ತೇನೆ.

ಇನ್ನು ಬೇಸ್ ಕೂತ ಜಾಗ ಗೊತ್ತಿರಬೇಕು ಅಂದೆನಲ್ಲ, ಅಲ್ಲಿ ಜನ ತುಂಬಾ ಎಡವುತ್ತಾರೆ. ಬೇಸನ್ನು ಆನ್ ಮಾಡಿ ‘ಸರ್ವೆ-ಇನ್’ ಒತ್ತಿದರೆ ಕೆಲವು ನಿಮಿಷ ಸರಾಸರಿ ತೆಗೆದುಕೊಂಡು ಅದು ತನ್ನ ಜಾಗ ತಾನೇ ಹೇಳಿಕೊಳ್ಳುತ್ತದೆ. ಆ ಜಾಗ ಒಂದೆರಡು ಮೀಟರ್ ತಪ್ಪಿರಬಹುದು. ರೋವರಿನ ಪಾಯಿಂಟುಗಳು ಒಂದಕ್ಕೊಂದು ಸೆಂಟಿಮೀಟರ್ ಲೆಕ್ಕದಲ್ಲಿ ಸರಿಯಾಗೇ ಇರುತ್ತವೆ, ಆದರೆ ಇಡೀ ಜಮೀನೇ ಒಂದೆರಡು ಮೀಟರ್ ಪಕ್ಕಕ್ಕೆ ಸರಿದು ಕೂತಿರುತ್ತದೆ. ವಿಸ್ತೀರ್ಣ ಮಾತ್ರ ಬೇಕಿದ್ದವರಿಗೆ ಇದರಿಂದ ನಷ್ಟವಿಲ್ಲ. ಹಳೆಯ ನಕ್ಷೆಯ ಮೇಲೆ ಕೂರಿಸಬೇಕಾದವರಿಗೆ ದೊಡ್ಡ ಫಜೀತಿ. ಇದಕ್ಕೆ ಸುಲಭದ ಪರಿಹಾರ ಇದೆ. ಬೇಸನ್ನು ಆಕಾಶ ಚೆನ್ನಾಗಿ ಕಾಣುವ ಕಡೆ ಕೆಲವು ಗಂಟೆ ಓಡಲು ಬಿಟ್ಟು, ಆ ಫೈಲನ್ನು ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಇಲ್ಲವೇ ಆಸ್ಟ್ರೇಲಿಯಾದ ಆಸ್‌ಪಾಸ್ ಸೇವೆಗೆ ಕಳಿಸಿ. ಜಗತ್ತಿನ ಯಾವ ಮೂಲೆಯ ಡೇಟಾ ಆದರೂ ಸರಿ, ಲೆಕ್ಕ ಹಾಕಿ ಉಚಿತವಾಗಿ ವಾಪಸ್ ಕಳಿಸುತ್ತವೆ. ಬಂದ ಉತ್ತರ ಯಾವ ಡೇಟಮ್‌ನಲ್ಲಿದೆ, ಯಾವ ದಿನಾಂಕಕ್ಕೆ ಅಂತ ಬರೆದಿಟ್ಟುಕೊಳ್ಳಿ. ಡೇಟಮ್ ಅಂದ್ರೆ ಜಾಗದ ಅಂಕಿಗಳನ್ನು ಎಲ್ಲಿಂದ, ಹೇಗೆ ಎಣಿಸಬೇಕು ಅನ್ನುವ ಒಪ್ಪಿತ ಚೌಕಟ್ಟು. ಭೂಮಿಯ ಫಲಕಗಳು ಸುಮ್ನೆ ನಿಂತಿಲ್ಲ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸರಿಯುತ್ತದೆ, ಹಾಗಾಗಿ ಅಲ್ಲಿ 1994ರ ಡೇಟಮ್‌ನಿಂದ 2020ರ ಡೇಟಮ್‌ಗೆ ಬದಲಾಯಿಸಿದಾಗ ಎಲ್ಲ ಪಾಯಿಂಟುಗಳೂ ಸುಮಾರು 1.8 ಮೀಟರ್ ಜರುಗಿದವು. ಎಷ್ಟು ದುಬಾರಿ ರಿಸೀವರ್ ಇದ್ದರೂ ಡೇಟಮ್ ತಪ್ಪಿದರೆ ಅಷ್ಟೇ.

ಎತ್ತರಕ್ಕೂ ಇದೇ ಕಥೆ. ರಿಸೀವರ್ ಹೇಳುವುದು ಲೆಕ್ಕಕ್ಕೆಂದು ಮಾಡಿಕೊಂಡ ಮೊಟ್ಟೆಯಾಕಾರದ ಭೂಮಿಯಿಂದ ಎತ್ತರ. ನೀರು ಹರಿಯುವುದು ಅದನ್ನು ನೋಡಿಕೊಂಡಲ್ಲ. ನಿಜವಾದ ಸಮುದ್ರಮಟ್ಟಕ್ಕೂ ಆ ಆಕಾರಕ್ಕೂ ಇರುವ ಅಂತರ ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ 100 ಮೀಟರಿಗೂ ಜಾಸ್ತಿ. ಸಾಫ್ಟ್‌ವೇರಿನಲ್ಲಿ ಈ ಅಂತರವನ್ನು ಜಾಗಜಾಗಕ್ಕೆ ಹೇಳುವ ಜಿಯಾಯ್ಡ್ ಮಾದರಿ ಹಾಕಲು ಜಾಗ ಇದೆಯಾ ನೋಡಿ.

ಸ್ಪೆಕ್ ಹಾಳೆ ಓದುವುದು

ಮೊದಲ ಮೋಜು ಚಾನೆಲ್ ಸಂಖ್ಯೆ. ಎಫ್9ಪಿಗೆ 184, ಮೊಸಾಯಿಕ್-ಎಕ್ಸ್5ಗೆ 448, ಯುಎಂ980ಗೆ 1408. ಕೊನೆಯದು ಮೊದಲನೆಯದಕ್ಕಿಂತ ಏಳೆಂಟು ಪಟ್ಟು ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ಒಂದು ಹೊತ್ತಿಗೆ ತಲೆಯ ಮೇಲೆ ಕಾಣುವುದು ಕೆಲವು ಡಜನ್ ಸ್ಯಾಟಲೈಟುಗಳು, ಒಂದೊಂದರಿಂದ ಎರಡೋ ಮೂರೋ ನಾಲ್ಕೋ ಸಿಗ್ನಲ್. ಅಷ್ಟನ್ನು ಹಿಡಿಯುವಷ್ಟು ಚಾನೆಲ್ ಇದ್ದ ಮೇಲೆ ಉಳಿದದ್ದು ಸುಮ್ನೆ ಹಾಳೆಯ ಮೇಲಿನ ಅಂಕಿ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಒಂದು ಹಾಳೆಯಲ್ಲಿ ‘1 ಸೆಂ.ಮೀ. ಸಿಇಪಿ’ ಅಂತಲೂ ಇನ್ನೊಂದರಲ್ಲಿ ‘0.8 ಸೆಂ.ಮೀ. ಆರ್‌ಎಂಎಸ್’ ಅಂತಲೂ ಇರುತ್ತದೆ. ಸಿಇಪಿ ಅಂದ್ರೆ ನೂರು ಸಲ ಅಳೆದರೆ ಐವತ್ತು ಸಲ ಮಾತ್ರ ಆ ವೃತ್ತದ ಒಳಗೆ ಬೀಳುತ್ತದೆ ಅಂತ. ಉಳಿದ ಐವತ್ತು ಸಲ ಹೊರಗೆ! ನೂರಕ್ಕೆ 95 ಸಲ ಒಳಗೆ ಇರಬೇಕು ಅಂದ್ರೆ ಆ ಒಂದು ಸೆಂಟಿಮೀಟರನ್ನು ಹೆಚ್ಚುಕಡಿಮೆ ಎರಡು ಮಾಡಬೇಕು. ಆರ್‌ಎಂಎಸ್ ಅನ್ನುವುದು ತಪ್ಪುಗಳ ಒಂದು ಬಗೆಯ ಸರಾಸರಿ, ಆ ಅಂಕಿಯನ್ನೂ ಹಿಗ್ಗಿಸಬೇಕು, ಆದರೆ ಇಷ್ಟಲ್ಲ. ಎರಡು ಹಾಳೆ ಪಕ್ಕದಲ್ಲಿಟ್ಟು ಅಂಕಿ ಮಾತ್ರ ಹೋಲಿಸಿದರೆ ಮೋಸ ಹೋಗುವುದು ಇಲ್ಲೇ. ಇನ್ನೊಂದು, ಇವೆಲ್ಲ ಬಯಲಿನಲ್ಲಿ, ಒಳ್ಳೆಯ ಆಂಟೆನಾ ಕಟ್ಟಿ, ಬೇಸ್ ಹತ್ತಿರ ಇಟ್ಟು ತೆಗೆದ ಅಂಕಿಗಳು. ನಿಮ್ಮ ಜಮೀನಿನ ಅಂಚಿನಲ್ಲಿ ಮರಗಳ ಸಾಲು ಇದ್ದರೆ ಈ ಅಂಕಿಯ ಕಥೆ ಅಲ್ಲಿಗೇ ಮುಗಿಯಿತು.

ಒಂದೇ ಫ್ರೀಕ್ವೆನ್ಸಿಯ ರಿಸೀವರ್ ಇನ್ನೂ ಮಾರಾಟಕ್ಕಿದೆ, ರೇಟು ನೋಡಿ ಆಸೆ ಪಡಬೇಡಿ. ಮೇಲಿನ ವಾತಾವರಣದ ಅಯಾನುಗೋಳ ಸಿಗ್ನಲನ್ನು ತಡ ಮಾಡುತ್ತದೆ. ಎಷ್ಟು ತಡ ಅನ್ನುವುದು ಫ್ರೀಕ್ವೆನ್ಸಿಯ ಮೇಲೆ ನಿಂತಿದೆ, ಹಾಗಾಗಿ ಎರಡು ಫ್ರೀಕ್ವೆನ್ಸಿ ಇದ್ದರೆ ಆ ತಡವನ್ನು ಲೆಕ್ಕ ಹಾಕಿ ಕಳೆಯಬಹುದು, ಫಿಕ್ಸ್ ಕೂಡ ಸೆಕೆಂಡುಗಳಲ್ಲಿ ಸಿಗುತ್ತದೆ. ಒಂದೇ ಇದ್ದರೆ ನಿಮಿಷಗಟ್ಟಲೆ ಕಾಯಬೇಕು, ಬೇಸಿನಿಂದ ಕೆಲವೇ ಕಿಲೋಮೀಟರ್ ಆಚೆ ಹೋದರೆ ಅದೂ ಇಲ್ಲ. ಭೂಮಧ್ಯರೇಖೆಯ ಆಸುಪಾಸಿನವರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಅಯಾನುಗೋಳದ ಗಲಾಟೆ ಜಾಸ್ತಿ, ಅದರಲ್ಲೂ ಸೂರ್ಯ ಮುಳುಗಿದ ಮೇಲೆ. ಸೂರ್ಯನ ಚಟುವಟಿಕೆ ಏರಿದಾಗ ಎಂಥ ರಿಸೀವರೂ ತಡಬಡಾಯಿಸುತ್ತದೆ. 2024ರ ಮೇ 10ರ ಸೌರ ಬಿರುಗಾಳಿಯ ಹೊತ್ತಿನಲ್ಲಿ ಅಮೆರಿಕದಲ್ಲಿ ಬಿತ್ತನೆಗೆ ಇಳಿದಿದ್ದ ಆರ್‌ಟಿಕೆ ಟ್ರ್ಯಾಕ್ಟರುಗಳು ದಾರಿ ತಪ್ಪಿ ಕೆಲಸ ನಿಲ್ಲಿಸಬೇಕಾಯಿತು. ಅಂಥ ದಿನ ಕೆಲಸ ಮುಂದೂಡುವುದೇ ಜಾಣತನ. ಮೂರನೇ ಫ್ರೀಕ್ವೆನ್ಸಿ ಇದ್ದರೆ ಒಳ್ಳೆಯದೇ, ಮರದ ಕೆಳಗೆ ಗೊತ್ತಾಗುವಷ್ಟು ನೆರವಾಗುತ್ತದೆ. ಆದರೆ ನಿಮ್ಮ ಬೇಸೋ ಜಾಲವೋ ಆ ಫ್ರೀಕ್ವೆನ್ಸಿಯ ಡೇಟಾ ಕಳಿಸದಿದ್ದರೆ ರೋವರಿಗೆ ಅದು ಇದ್ದೂ ಇಲ್ಲದ ಹಾಗೆ.

ದುಡ್ಡು ಹಾಕಬೇಕಾದ್ದು ಇಲ್ಲಿ

ಅಗ್ಗದ ಕಿಟ್‌ಗಳು ಹೊಡೆತ ತಿನ್ನುವುದು ಆಂಟೆನಾದಲ್ಲಿ. ಗೋಡೆ, ತಗಡಿನ ಚಾವಣಿ, ನಿಂತ ಗಾಡಿ ಇವುಗಳಿಗೆ ಬಡಿದು ಬರುವ ಸಿಗ್ನಲನ್ನು ಆಂಟೆನಾನೇ ತಡೆಯಬೇಕು, ಒಳಗೆ ಬಂದ ಮೇಲೆ ಚಿಪ್ ಅದನ್ನು ಪೂರ್ತಿ ತೊಳೆಯಲಾರದು. ಚಿಕ್ಕ ಚೌಕದ ಪ್ಯಾಚ್ ಆಂಟೆನಾ ಬಳಸುವುದಾದರೆ ಅಡಿಯಲ್ಲಿ ಅಂಗೈ ಅಗಲದ ಲೋಹದ ತಟ್ಟೆ ಇರಲಿ. ಸರ್ವೆ ಆಂಟೆನಾಗೆ ಇನ್ನೊಂದು ಗುಣ ಇದೆ. ಅಳತೆ ನಿಜಕ್ಕೂ ಸೇರುವ ಬಿಂದು ಆಂಟೆನಾದ ಒಳಗೆ ಎಲ್ಲೋ ಇರುತ್ತದೆ, ಅದು ಎಲ್ಲಿದೆ ಅಂತ ಅಳೆದು ಪ್ರಕಟಿಸಿರುತ್ತಾರೆ. ಹೆಸರೂ ಮಾದರಿ ಸಂಖ್ಯೆಯೂ ಇಲ್ಲದ ಆಂಟೆನಾದಲ್ಲಿ ಆ ಬಿಂದು ಎಲ್ಲಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ, ಎತ್ತರದ ಅಳತೆಯಲ್ಲಿ ಅದು ನೇರವಾಗಿ ತಪ್ಪಾಗಿ ಕೂರುತ್ತದೆ.

ಆಮೇಲೆ ಪೋಲ್. ಎರಡು ಮೀಟರ್ ಪೋಲಿನ ತುದಿಯಲ್ಲಿ ರಿಸೀವರ್ ಇಟ್ಟು, ಪೋಲ್ ನೆಟ್ಟಗಿದೆಯಾ ಅಂತ ತೋರಿಸುವ ಗಾಳಿಗುಳ್ಳೆ, ಅಂದ್ರೆ ಬಬಲ್, ಒಂದು ಡಿಗ್ರಿ ತಪ್ಪಿದ್ದರೆ ಮೇಲಿನ ತುದಿ ಮೂರೂವರೆ ಸೆಂಟಿಮೀಟರ್ ಪಕ್ಕಕ್ಕೆ ವಾಲಿರುತ್ತದೆ. ರಿಸೀವರಿನ ತಪ್ಪಿಗಿಂತ ಇದೇ ಜಾಸ್ತಿ ಆಯಿತು. ಬಬಲ್ ಸರಿ ಇದೆಯಾ ನೋಡುವುದು ಎರಡು ನಿಮಿಷದ ಕೆಲಸ. ಪೋಲಿನ ಮೊನೆಯನ್ನು ಒಂದು ಕುಳಿಯಲ್ಲಿ ನಿಲ್ಲಿಸಿ, ಎರಡು ಕಾಲಿನ ಆಸರೆ ಕೊಟ್ಟು, ಬಬಲನ್ನು ನಡುವಿಗೆ ತನ್ನಿ. ಈಗ ಪೋಲನ್ನು ಅಲ್ಲೇ ಅರ್ಧ ಸುತ್ತು ತಿರುಗಿಸಿ. ಬಬಲ್ ನಡುವಿನಿಂದ ಸರಿದರೆ ಅದರ ತಿರುಪು ಸರಿಪಡಿಸಬೇಕು. ಪೋಲನ್ನು ಓರೆಯಾಗಿ ಹಿಡಿದರೂ ಲೆಕ್ಕ ಸರಿಮಾಡಿಕೊಳ್ಳುವ ಟಿಲ್ಟ್ ಸೌಲಭ್ಯ ಈಗ ಅಗ್ಗದ ರಿಸೀವರುಗಳಿಗೂ ಬಂದಿದೆ. ದಿನಕ್ಕೆ ನೂರಾರು ಪಾಯಿಂಟ್ ತೆಗೆಯುವವರಿಗೆ, ಗೋಡೆಯ ಮೂಲೆ ಮುಟ್ಟಬೇಕಾದವರಿಗೆ ಅದು ವರವೇ. ಆದರೆ ಟಿಲ್ಟ್ ತನ್ನ ಪಾಲಿನ ತಪ್ಪನ್ನೂ ಸೇರಿಸುತ್ತದೆ, ಓರೆ ಹೆಚ್ಚಿದಷ್ಟೂ ತಪ್ಪೂ ಹೆಚ್ಚು. ಗಡಿ ಕಲ್ಲಿನ ಮೇಲೆ ಪೋಲನ್ನು ನೇರವಾಗೇ ನಿಲ್ಲಿಸಿ.

ಸಾಫ್ಟ್‌ವೇರ್ ಬಗ್ಗೆ ಕೊಳ್ಳುವಾಗಲೇ ಬಾಯಿಬಿಟ್ಟು ಕೇಳಿ. ಆಪ್‌ಗೆ ವರ್ಷವರ್ಷವೂ ದುಡ್ಡು ಕಟ್ಟಬೇಕಾ? ಮೂರನೇ ಫ್ರೀಕ್ವೆನ್ಸಿ, ಟಿಲ್ಟ್, ಬೇಸ್ ಆಗಿ ಬಳಸುವುದು ಇವಕ್ಕೆ ಬೇರೆ ಬೇರೆ ಕೋಡ್ ಕೊಳ್ಳಬೇಕಾ? ಒಂದು ದೇಶಕ್ಕೆಂದು ಮಾರಿದ ರಿಸೀವರ್ ಇನ್ನೊಂದು ದೇಶದಲ್ಲಿ ಆನ್ ಆದರೆ ಬೀಗ ಹಾಕಿಕೊಳ್ಳುತ್ತದಾ? ಹೀಗೆ ಬೀಗ ಹಾಕುವ ಪದ್ಧತಿ ಇದೆ, ಕಡಿಮೆ ರೇಟಿಗೆ ಹೊರಗಿನಿಂದ ತರಿಸಿದವರಿಗೆ ಇದು ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ. ರಿಸೀವರ್ ಬ್ಲೂಟೂತ್‌ನಲ್ಲಿ ಎನ್‌ಎಂಇಎ ಅನ್ನುವ, ಎಲ್ಲ ಕಂಪನಿಗಳಿಗೂ ಒಂದೇ ಆದ ರೂಪದ ಸಾಲುಗಳನ್ನು ಕಳಿಸುತ್ತದೆ ಅಂದ್ರೆ ನೀವು ಬಚಾವ್, ಆಗ ಎಸ್‌ಡಬ್ಲ್ಯು ಮ್ಯಾಪ್ಸ್, ಕ್ಯೂಫೀಲ್ಡ್ ತರಹದ ಉಚಿತ ಆಪ್‌ಗಳ ಜೊತೆ ಕೆಲಸ ಮಾಡಬಹುದು. ಆ ಸಾಲುಗಳಲ್ಲಿ ಜಿಜಿಎ ಅನ್ನುವುದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಕ್ಷಾಂಶ, ರೇಖಾಂಶ ಆದ ಮೇಲೆ ಒಂದೇ ಅಂಕಿ ಬರುತ್ತದೆ: 1 ಅಂದ್ರೆ ಬರೀ ಜಿಪಿಎಸ್, 2 ಅಂದ್ರೆ ಒರಟು ಕರೆಕ್ಷನ್, 5 ಅಂದ್ರೆ ಫ್ಲೋಟ್, 4 ಅಂದ್ರೆ ಫಿಕ್ಸ್. ಆಪ್ ಏನೇ ಹಸಿರು ಬಣ್ಣ ತೋರಿಸಲಿ, ಅಲ್ಲಿ 4 ಇಲ್ಲದಿದ್ದರೆ ಪಾಯಿಂಟ್ ಉಳಿಸಬೇಡಿ.

4 ಇದ್ದರೂ ಕಣ್ಣು ಮುಚ್ಚಿ ನಂಬಬೇಡಿ. ಮರದ ಕೆಳಗೆ, ಗೋಡೆಯ ಪಕ್ಕ ರಿಸೀವರ್ ತಪ್ಪು ಸಂಖ್ಯೆಯನ್ನೇ ಸರಿ ಅಂತ ಹಿಡಿದುಕೊಂಡು ಧೈರ್ಯವಾಗಿ ‘ಫಿಕ್ಸ್’ ಅನ್ನುತ್ತದೆ, ಪಕ್ಕದಲ್ಲಿ ತಪ್ಪಿನ ಅಂದಾಜು 1.2 ಸೆಂಟಿಮೀಟರ್ ಅಂತಲೂ ತೋರಿಸುತ್ತದೆ. ನಿಜವಾದ ತಪ್ಪು ಅರ್ಧ ಮೀಟರ್ ಇರಬಹುದು. ಅದಕ್ಕೇ ಮುಖ್ಯವಾದ ಪಾಯಿಂಟಿನಲ್ಲಿ ಒಮ್ಮೆ ಅಳೆದು, ಫಿಕ್ಸನ್ನು ಬೇಕಂತಲೇ ಬೀಳಿಸಿ, ಹೊಸದಾಗಿ ಹಿಡಿಸಿ ಮತ್ತೆ ಅಳೆಯಬೇಕು. ಒಂದೆರಡು ಗಂಟೆ ಬಿಟ್ಟು, ಸ್ಯಾಟಲೈಟುಗಳ ಜಾಗ ಬದಲಾದ ಮೇಲೆ ಇನ್ನೊಮ್ಮೆ. ಮೂರೂ ಎರಡು ಮೂರು ಸೆಂಟಿಮೀಟರಿನೊಳಗೆ ಕೂಡಿದರೆ ಸರಿ. ಬೆಳಿಗ್ಗೆ ಕೆಲಸ ಶುರು ಮಾಡುವಾಗ, ಸಂಜೆ ಮುಗಿಸುವಾಗ ಗೊತ್ತಿರುವ ಒಂದೇ ಪಾಯಿಂಟನ್ನು ಅಳೆಯುವ ರೂಢಿ ಇದ್ದರೆ ಬೇಸ್ ಅಲುಗಿದ್ದೂ ಆಂಟೆನಾ ಎತ್ತರ ತಪ್ಪು ಬರೆದದ್ದೂ ಅಲ್ಲೇ ಸಿಕ್ಕಿಬೀಳುತ್ತದೆ. ಹೊಸ ರಿಸೀವರ್ ಕೈಗೆ ಬಂದ ದಿನ ಬಯಲಿನಲ್ಲಿ ಎರಡು ಗೂಟ ಹೊಡೆದು, ನಡುವಿನ ದೂರವನ್ನು ಒಳ್ಳೆಯ ಸ್ಟೀಲ್ ಟೇಪಿನಲ್ಲಿ ಎಳೆದು, ಅದನ್ನು ರಿಸೀವರಿನ ಉತ್ತರದ ಜೊತೆ ಹೋಲಿಸಿ. ವಾಪಸ್ ಕಳಿಸುವ ಅವಧಿ ಮುಗಿಯುವ ಮುಂಚೆ ಇದು ಆಗಬೇಕು.

ಹಾಗಾದ್ರೆ ಯಾರು ಏನು ಕೊಳ್ಳಬೇಕು? ಜಾಲ ಇರುವ ಕಡೆ, ದಿನವೂ ಇದೇ ಕೆಲಸ ಮಾಡುವವರು ಟಿಲ್ಟ್ ಇರುವ, ಆಂಟೆನಾ ಒಳಗೇ ಸೇರಿರುವ, ಕಚ್ಚಾ ಡೇಟಾ ಕೊಡುವ ಒಂದು ಸಿದ್ಧ ರೋವರ್ ಕೊಳ್ಳಲಿ, ರಿಪೇರಿ ಹತ್ತಿರದಲ್ಲಿ ಆಗುತ್ತದಾ ಅಂತ ಕೇಳಿಕೊಳ್ಳಲಿ. ಜಾಲ ಇಲ್ಲದವರು ಒಂದೇ ದುಬಾರಿ ರಿಸೀವರಿನ ಬದಲು ಸಾಧಾರಣವಾದ ಎರಡನ್ನು ಕೊಳ್ಳಲಿ. ವೈರು, ಸೆಟ್ಟಿಂಗ್ ಅಂದ್ರೆ ಹೆದರದವರು ಬೋರ್ಡ್ ತಂದು ತಾವೇ ಕಟ್ಟಿಕೊಳ್ಳಬಹುದು, ಉಳಿದ ದುಡ್ಡನ್ನು ಆಂಟೆನಾಗೆ ಹಾಕಲಿ. ಮಳೆ, ಧೂಳು, ಬ್ಯಾಟರಿಯ ಜವಾಬ್ದಾರಿ ಮಾತ್ರ ಅವರದ್ದೇ. ಗಡಿಗೆ ಕಾನೂನಿನ ಮುದ್ರೆ ಹಾಕುವ ಅಧಿಕಾರ ಬಹಳ ದೇಶಗಳಲ್ಲಿ ಪರವಾನಗಿ ಇರುವ ಸರ್ವೇಯರಿಗೆ ಮಾತ್ರ ಇದೆ. ಸ್ವಂತ ಜಮೀನನ್ನು ತಾವೇ ಅಳೆದುಕೊಂಡವರ ಕೈಯಲ್ಲಿರುವುದು ಒಳ್ಳೆಯ ಮಾಹಿತಿ ಅಷ್ಟೇ, ದಾಖಲೆಯಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ದೊಡ್ಡ ಕಂಪನಿಯ ಹಳೆಯ ರಿಸೀವರ್ ಸಿಕ್ಕಿದರೆ ಬಿಡಬೇಕಿಲ್ಲ, ಅವುಗಳ ಆಂಟೆನಾ ಇವತ್ತಿಗೂ ಚೆನ್ನಾಗಿರುತ್ತದೆ. ಆದರೆ ಎರಡು ವಿಷಯ ಖಚಿತ ಮಾಡಿಕೊಳ್ಳಿ: ಗೆಲಿಲಿಯೋ, ಚೀನಾದ ಬೇಡೌ ಸ್ಯಾಟಲೈಟುಗಳನ್ನು ಅದು ಹಿಡಿಯುತ್ತದಾ, ಅದರ ಲೈಸೆನ್ಸ್ ನಿಮ್ಮ ಹೆಸರಿಗೆ ಬದಲಾಗುತ್ತದಾ. ಬರೀ ಜಿಪಿಎಸ್, ಗ್ಲೋನಾಸ್ ಹಿಡಿಯುವುದಾದರೆ ಮರಗಳ ಹತ್ತಿರ ಹೊಸ ಅಗ್ಗದ ರಿಸೀವರ್ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ.